ಸದಾಶಿವ ಪೇಠಕ್ಕೆ ಬಂದ ಹಾಸ್ಟೆಲ್ ಗಂಟೆ

ಶಿಸ್ತಿನ ಮನುಷ್ಯರನ್ನು ಊಟಕ್ಕೆ ಕರೆಯಬಹುದು, ಮದುವೆಗೆ ಕರೆಯಬಹುದು. ಚಿಕ್ಕ ಮಕ್ಕಳಿರುವ ಮನೆಗೆ ಸಹಾಯಕ್ಕೆಂದು ಮಾತ್ರ ಕರೆಯಬಾರದು. ಇದನ್ನು ನಾನು ಬೇರೆ ಯಾರನ್ನೋ ಕುರಿತು ಹೇಳುತ್ತಿಲ್ಲ. ಧಾರವಾಡದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಬಹಳ ವರ್ಷ ವಾರ್ಡನ್ ಆಗಿದ್ದವಳು ನಾನು. ಅರವತ್ತು ಹುಡುಗಿಯರು ನಾನು ಹೊಡೆದ ಒಂದು ಗಂಟೆಗೆ ಏಳುತ್ತಿದ್ದರು, ಇನ್ನೊಂದು ಗಂಟೆಗೆ ತಾಟು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು, ಮತ್ತೊಂದಕ್ಕೆ ದೀಪ ಆರಿಸುತ್ತಿದ್ದರು. ಅರವತ್ತನ್ನು ಆಳಿದವಳಿಗೆ ಎರಡು ಯಾವ ಲೆಕ್ಕ? ನನಗೂ ಹಾಗೇ ಅನ್ನಿಸಿತ್ತು. ಆದರೆ ಎರಡರಲ್ಲಿ ಒಂದು ಮಂಚದ ಕೆಳಗೂ ಇನ್ನೊಂದು ಕಿಟಕಿಯ ಸರಳಿನ ಮೇಲೂ ಇದ್ದರೆ ಸಾಲನ್ನು ಎಲ್ಲಿಂದ ಎಲ್ಲಿಗೆ ಎಳೆಯುವುದು?

ನನ್ನ ಜೊತೆಗೆ ನನ್ನ ಗಂಟೆಯನ್ನೂ ಪರಿಚಯಿಸಿಬಿಡುತ್ತೇನೆ. ನಾನು ನಿವೃತ್ತಳಾದ ವರ್ಷವೇ ಹಾಸ್ಟೆಲಿಗೆ ಕರೆಂಟಿನ ಗಂಟೆ ಬಂತು. ಹಿತ್ತಾಳೆಯ ಹಳೆಯ ಕೈಗಂಟೆಗೂ ನಿವೃತ್ತಿಯಾಯಿತು. ಬೀಳ್ಕೊಡುವ ದಿನ ಶಾಲು, ತೆಂಗಿನಕಾಯಿಗಳ ಜೊತೆಗೆ ಅದನ್ನೂ ನನ್ನ ಕೈಯಲ್ಲಿಟ್ಟರು. ಅದರ ಚರಿತ್ರೆಯಲ್ಲಿ ಒಂದೇ ಒಂದು ಕಳಂಕ. ಒಂದು ರವಿವಾರ ಬೆಳಗ್ಗೆ ಅದು ಮಾಯವಾಗಿ, ಸಂಜೆ ಅಡುಗೆಮನೆಯ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತ್ತು. ಆ ದಿನ ಇಡೀ ಹಾಸ್ಟೆಲ್ ಬಿಸಿಲೇರುವವರೆಗೆ ಮಲಗಿತ್ತು. ಒಬ್ಬೊಬ್ಬಳನ್ನೂ ಕರೆದು ವಿಚಾರಿಸಿದೆ. ಒಬ್ಬಳೂ ಒಪ್ಪಲಿಲ್ಲ. ಎಲ್ಲರಿಗೂ ಸಿಹಿ ನಿಲ್ಲಿಸಿದೆ. ಕಳ್ಳಿ ಸಿಗದೆ ಹೋದದ್ದು ಮಾತ್ರ ನನಗೆ ಹಲ್ಲಿನಲ್ಲಿ ಸಿಕ್ಕ ಕಡ್ಡಿಯ ಹಾಗೆ ಉಳಿದುಬಿಟ್ಟಿತು.

ಇಂಥ ನನ್ನನ್ನು ಮಗಳು ಸುಧಾ ಪುಣೆಗೆ ಕರೆದಳು. ಅವಳು ಅಲ್ಲಿ ಬ್ಯಾಂಕಿನಲ್ಲಿ ಗುಮಾಸ್ತೆ. ಅಧಿಕಾರಿಯಾಗುವ ಪರೀಕ್ಷೆ ಮುಂದಿನ ರವಿವಾರ ಇತ್ತು. ಹಿಂದಿನ ಸಲ ಪರೀಕ್ಷೆಯ ಹೊತ್ತಿಗೇ ಚಿಕ್ಕವನಿಗೆ ದಡಾರ ಎದ್ದು, ಅವಳು ಪ್ರಶ್ನೆಪತ್ರಿಕೆಯ ಮುಖವನ್ನೇ ನೋಡಿರಲಿಲ್ಲ. ಈ ಸಲವೂ ತಪ್ಪಿದರೆ ಅದೇ ಕೌಂಟರ್, ಅದೇ ಕುರ್ಚಿ. ಅಳಿಯ ಕಂಪನಿಯ ಕೆಲಸಕ್ಕೆ ನಾಗಪುರಕ್ಕೆ ಹೋಗಿದ್ದ. “ಅವ್ವಾ, ಒಂದು ವಾರ ಬಾ. ಹುಡುಗರನ್ನ ನೋಡಿಕೊ. ನನಗ ಓದಲಿಕ್ಕೆ ಒಂದೀಟು ಶಾಂತಿ ಬೇಕು” ಎಂದಳು. ಶಾಂತಿ ತಾನೇ? ಟ್ರಂಕಿನಲ್ಲಿ ನಾಲ್ಕು ಸೀರೆಗಳ ನಡುವೆ ಗಂಟೆಯನ್ನು ಇಟ್ಟುಕೊಂಡು ಹೊರಟೆ.

ಅವರದು ಸದಾಶಿವ ಪೇಠದ ಹಳೆಯ ವಾಡೆಯಲ್ಲಿ ಮೇಲಿನ ಎರಡು ಕೋಣೆ. ನಡುವೆ ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ, ಸುತ್ತಲೂ ಸಂಸಾರಗಳು. ಕೆಳಗೆ ವಾಡೆಯ ಒಡತಿ, ಎಲ್ಲರಿಗೂ ಚಿಕ್ಕಮ್ಮ ಎನ್ನಿಸಿಕೊಂಡ ಮಾಲತಿ ಕಾಕು, ನನ್ನ ವಯಸ್ಸಿನವರೇ. ಅವರ ಬಾಗಿಲಿಗೆ ಮರಾಠಿಯಲ್ಲಿ ಒಂದು ಹಲಗೆ ತೂಗುತ್ತಿತ್ತು: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ತಟ್ಟಬಾರದು, ತಟ್ಟಿದರೂ ತೆರೆಯುವುದಿಲ್ಲ. ಹಾಡುಹಗಲಲ್ಲಿ ಮಲಗುವುದಲ್ಲದೆ ಅದನ್ನು ಹಲಗೆಯ ಮೇಲೆ ಬರೆದು ಸಾರುವುದೆಂದರೇನು! ನಾನು ಆ ಹಲಗೆಯ ಮುಂದೆ ಹಾದುಹೋಗುವಾಗಲೆಲ್ಲ ಸೆರಗು ಕೊಡವಿಕೊಂಡು ಹೋಗುತ್ತಿದ್ದೆ.

ಸೋಮವಾರ ನಸುಕಿನಲ್ಲಿ ಮೊದಲ ಗಂಟೆ ಹೊಡೆದೆ. ಸುಧಾ ಹಾಸಿಗೆಯಿಂದ ಎದ್ದು ನೆಟ್ಟಗೆ ನಿಂತು, ಕಣ್ಣು ಮುಚ್ಚಿಕೊಂಡೇ ಹಾಸಿಗೆ ಮಡಿಸತೊಡಗಿದಳು. ವಾರ್ಡನ್ನಿನ ಮಗಳಲ್ಲವೇ? ಅಪ್ಪ ಬೇಗ ತೀರಿಕೊಂಡ ಮೇಲೆ ಅವಳು ಬೆಳೆದದ್ದೇ ಹಾಸ್ಟೆಲಿನ ಕೋಣೆಯಲ್ಲಿ. ಆದರೆ ಆರು ವರ್ಷದ ಮೊಮ್ಮಗಳು ವಿದ್ಯಾ ಕಿವಿಯ ಮೇಲೆ ದಿಂಬು ಒತ್ತಿಕೊಂಡಳು. ಮೂರು ವರ್ಷದ ನಂದು ಗಂಟೆಯನ್ನು ಕಂಡು ಕುಣಿದು, “ಮಲಾ ದೇ, ಮಲಾ ದೇ” ಎಂದು ಮರಾಠಿಯಲ್ಲಿ ಬೇಡುತ್ತ ನನ್ನ ಸೀರೆಗೆ ಜೋತುಬಿದ್ದ. ಕೆಳಗಿನಿಂದ ಒಬ್ಬ ಮುದುಕರು ದೇವರಿಗೆ ನಸುಕಿನಲ್ಲಿ ಎತ್ತುವ ಕಾಕಡಾರತಿಯೆಂದು ತಿಳಿದು ಕೈಮುಗಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಅವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಸಕ್ಕರೆ ಕೊಟ್ಟು ಕಳಿಸಿದೆ.

ಎರಡನೆಯ ದಿನ ವಿದ್ಯಾ ಗಂಟೆಗೆ ಮೊದಲೇ ಎದ್ದು ಕೂತಿದ್ದಳು. ಬೇರೆ ಅಜ್ಜಿಯಾಗಿದ್ದರೆ ಬೆನ್ನು ಚಪ್ಪರಿಸುತ್ತಿದ್ದಳು. ನಾನು, “ಗಂಟಿ ಆಗೂತನಕ ಏಳಬಾರದು. ಮೊದಲ ಏಳೂದೂ ಅಶಿಸ್ತೇ” ಎಂದು ತಿರುಗಿ ಮಲಗಿಸಿದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಂಡರೆ ಒಳ್ಳೆಯದು. ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

ಅಂದೇ ಮಧ್ಯಾಹ್ನ ವಿದ್ಯಾ ಶಾಲೆಯಿಂದ ಬಂದ ಮೇಲೆ ಅಭ್ಯಾಸದ ಗಂಟೆ ಹೊಡೆದೆ. ಪುಣೆಯಲ್ಲಿ ಬಾಂಬೆ ಮಿಠಾಯಿಯವನೂ ಹೀಗೇ ಗಂಟೆ ಬಾರಿಸುತ್ತ ಬರುತ್ತಾನೆಂದು ನನಗೇನು ಗೊತ್ತು? ವಾಡೆಯ ಅಷ್ಟೂ ಮಕ್ಕಳು ಚಿಲ್ಲರೆ ಹಿಡಿದುಕೊಂಡು ದಡದಡನೆ ಮೆಟ್ಟಿಲು ಹತ್ತಿ ಬಂದವು. ಬಾಗಿಲಲ್ಲಿ ಮಿಠಾಯಿಯ ಬದಲು ಕನ್ನಡಕ ಹಾಕಿಕೊಂಡ ನಾನು ನಿಂತಿದ್ದೆ. ಬಂದವರನ್ನು ಹಾಗೇ ಬಿಡುವುದು ನನ್ನ ಜಾಯಮಾನವಲ್ಲ. ಎಲ್ಲರನ್ನೂ ಕೂಡಿಸಿ ಮಗ್ಗಿ ಹೇಳಿಸಿದೆ. ಮಗ್ಗಿಯ ಸದ್ದಿಗೆ ಮಾಲತಿ ಕಾಕು ತಲೆಗೂದಲು ಕೆದರಿಕೊಂಡು ಅಂಗಳಕ್ಕೆ ಬಂದು, ಎರಡೂ ಕೈ ಜೋಡಿಸಿ ಮೇಲಕ್ಕೆ ನೋಡಿದರು.

“ಅಹೋ ಸುಧಾಚ್ಯಾ ಆಯಿ, ಹೀ ಝೋಪೇಚೀ ವೇಳ ಆಹೇ!”

ನಿದ್ದೆಯ ಹೊತ್ತಂತೆ. “ನಮ್ಮ ಕಡೆ ಇದು ಅಭ್ಯಾಸದ ಹೊತ್ತುರೀ” ಎಂದು ಕನ್ನಡದಲ್ಲೇ ಉತ್ತರ ಕೊಟ್ಟೆ. ಅವರಿಗೆ ಮಾತು ತಿಳಿಯಲಿಲ್ಲ, ಧಾಟಿ ತಿಳಿಯಿತು.

ಬುಧವಾರ ಸಂಜೆ ವಿದ್ಯಾ ಚೀಲ ಬಿಸಾಡಿ, “ಅಜ್ಜಿ, ನಾಳೆ ನಾ ಬದನೀಕಾಯಿ” ಎಂದಳು. ಶಾಲೆಯಲ್ಲಿ ವೇಷದ ಸ್ಪರ್ಧೆಯಂತೆ; ಹೇಳಿ ವಾರವಾಗಿತ್ತಂತೆ. ಬದನೆಕಾಯಿ ಬಣ್ಣದ ಬಟ್ಟೆ ಆ ಮನೆಯಲ್ಲಿ ಎಲ್ಲೂ ಇರಲಿಲ್ಲ, ನನ್ನ ಹೊಸ ಲಂಗದ ಹೊರತು. ಕತ್ತರಿ ಹಾಕಿದೆ. ನಾನು ತೊಟ್ಟು ಹೊಲಿಯುತ್ತಿದ್ದಾಗ ನಂದು ಒಂದು ಶೇಂಗಾಕಾಳನ್ನು ಮೂಗಿನೊಳಗೆ ಸೇರಿಸಿಕೊಂಡ. ಹಾಸ್ಟೆಲಿನಲ್ಲಿ ಯಾರೂ ಮೂಗಿಗೆ ಶೇಂಗಾ ಹಾಕಿಕೊಂಡಿರಲಿಲ್ಲ; ಇದಕ್ಕೆ ನನ್ನಲ್ಲಿ ಗಂಟೆಯಿರಲಿಲ್ಲ. ನಾನು ಅವನನ್ನೆತ್ತಿಕೊಂಡು ಅತ್ತಿಂದಿತ್ತ ಓಡಾಡುತ್ತಿರುವಾಗ ಮಾಲತಿ ಕಾಕು ಬಂದು, ತಮ್ಮ ಯಜಮಾನರ ನಶ್ಯವನ್ನು ಒಂದು ಚಿಟಿಕೆ ಅವನ ಮೂಗಿನ ಬಳಿ ಹಿಡಿದರು. ಒಂದೇ ಸೀನು. ಶೇಂಗಾ ಹಾರಿ ಬದನೆಕಾಯಿಯ ಮೇಲೆ ಬಿತ್ತು. ಕಾಕು ನಶ್ಯದ ಡಬ್ಬಿ ಮುಚ್ಚಿಕೊಂಡು ಇಳಿದುಹೋದರು. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.

ಇಷ್ಟರಲ್ಲಿ ಸುಧಾ ಮೆಲ್ಲಗೆ ಪುಸ್ತಕಗಳನ್ನು ಎತ್ತಿಕೊಂಡು ಕಾಕುವಿನ ಅಡುಗೆಮನೆಗೆ ಹೋಗಿ ಓದತೊಡಗಿದ್ದಳು. “ಇಲ್ಲೇ ಓದಬಾರದೇನ? ನಾ ಹುಡುಗರನ್ನ ಹೆಂಗ ಸುಮ್ಮನ ಕೂಡಿಸೇನಿ ನೋಡು” ಎಂದೆ. ಒಳಗೆ ಒಂಬತ್ತು ಮಕ್ಕಳು ಹದಿಮೂರರ ಮಗ್ಗಿ ಕೂಗುತ್ತಿದ್ದವು. “ಇಲ್ಲವ್ವಾ, ಅಲ್ಲಿ ಗಾಳಿ ಛಲೋ ಅದ” ಎಂದಳು. ಆ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲವೆಂದು ನನಗೆ ಆಮೇಲೆ ಹೊಳೆಯಿತು.

ಆದರೂ ಶನಿವಾರದ ಹೊತ್ತಿಗೆ ನಾನು ಗೆದ್ದಿದ್ದೆ. ಗಂಟೆಗೆ ಏಳುವುದು, ಗಂಟೆಗೆ ಹಲ್ಲುಜ್ಜುವುದು, ಗಂಟೆಗೆ ಹಾಲು ಕುಡಿಯುವುದು. ಲೋಟವನ್ನು ತುಟಿಗೆ ಹಿಡಿದುಕೊಂಡ ನಂದು ಗಂಟೆಯಾಗುವವರೆಗೆ ಒಂದು ಗುಟುಕೂ ಇಳಿಸುತ್ತಿರಲಿಲ್ಲ. ನಾಳೆ ಸುಧಾಳಿಗೆ ಊಟ ಮಾಡಿಸಿ, ಶುಭಕ್ಕೆಂದು ಮೊಸರು ಸಕ್ಕರೆ ಕೈಗೆ ಹಾಕಿ, ಹೊತ್ತಿಗೆ ಸರಿಯಾಗಿ ಪರೀಕ್ಷೆಗೆ ಕಳಿಸುವುದೊಂದೇ ಬಾಕಿ.

ರವಿವಾರ ಎದ್ದು ಕೈ ಚಾಚಿದರೆ ಕಪಾಟಿನ ಮೇಲೆ ಗಂಟೆ ಇಲ್ಲ!

ಮಂಚದ ಕೆಳಗೆ ನೋಡಿದೆ. ಅಕ್ಕಿಯ ಡಬ್ಬಿಯಲ್ಲಿ ಕೈಯಾಡಿಸಿದೆ. ನೀರು ಕಾಯಿಸುವ ಬಂಬಿನೊಳಗೆ ಇಣುಕಿ ಮೂಗಿಗೆ ಮಸಿ ಹಚ್ಚಿಕೊಂಡೆ. ನಂದುವಿನ ಮೇಲೆ ನನಗೆ ಗುಮಾನಿ. “ಎಲ್ಲಿ ಇಟ್ಟೀಯೋ?” ಎಂದರೆ ಅವನೂ ಉತ್ಸಾಹದಿಂದ ಹುಡುಕತೊಡಗಿದ. ವಿದ್ಯಾಳನ್ನು ಎಬ್ಬಿಸಲು ಹೋದರೆ, “ಗಂಟಿ ಆಗಿಲ್ಲಲ್ಲ ಅಜ್ಜಿ. ಮೊದಲ ಏಳೂದೂ ಅಶಿಸ್ತು ಅಂತ ನೀನ ಹೇಳೀದಿ” ಎಂದು ಮಗ್ಗುಲು ಬದಲಿಸಿದಳು. ನಂದು ಲೋಟ ಹಿಡಿದು ಕಾಯುತ್ತ ಕೂತ. ತಾಟಿಗೆ ಸೌಟಿನಿಂದ ಬಡಿದೆ. ಅವನು ತಾಟನ್ನು ನೋಡಿ, ನನ್ನನ್ನು ನೋಡಿ, “ಹೇ ನಾಹೀ” ಎಂದು ತಲೆಯಾಡಿಸಿದ. ಇದಲ್ಲವಂತೆ. ಹಾಲಿನ ಮೇಲೆ ಕೆನೆ ಕಟ್ಟಿತು. ಗಂಟೆ ಕಳೆದ ಸುದ್ದಿ ಹಬ್ಬಿ ವಾಡೆಯ ಮಕ್ಕಳೆಲ್ಲ ಸಂಭ್ರಮದಿಂದ ಹುಡುಕಲು ಬಂದವು. ವಿದ್ಯಾ ಮಲಗಿದ್ದೊಂದನ್ನು ಬಿಟ್ಟು ಉಳಿದ ಹಾಸಿಗೆಗಳು ಅಂಗಳಕ್ಕೆ ಬಂದವು, ಟ್ರಂಕು ಬಾಯಿ ತೆರೆಯಿತು, ಯಾರೋ ಬದನೆಕಾಯಿಯ ತೊಟ್ಟನ್ನು ತಲೆಗೆ ಹಾಕಿಕೊಂಡು ಓಡಾಡಿದರು. ಅಷ್ಟರಲ್ಲಿ ಗೋಡೆಯ ಗಡಿಯಾರ ಕಣ್ಣಿಗೆ ಬಿತ್ತು. ಒಂಬತ್ತು ದಾಟಿತ್ತು.  ಅನ್ನಕ್ಕೆ ಇಟ್ಟಿಲ್ಲ, ಮೊಸರು ತೆಗೆದಿಲ್ಲ, ಮಗಳು ಎಲ್ಲಿದ್ದಾಳೆಂದೂ ನೋಡಿಲ್ಲ!

“ಸುಧಾ! ಸುಧಾ! ಪರೀಕ್ಷಾ!” ಎಂದು ಕೂಗುತ್ತ ಮೆಟ್ಟಿಲಿಗೆ ಓಡಿದೆ.

ಕೆಳಗೆ ಮಾಲತಿ ಕಾಕು ಅವಲಕ್ಕಿ ಆರಿಸುತ್ತ ಕೂತಿದ್ದವರು ತಲೆಯೆತ್ತದೆ, “ತೀ ಕೇವ್ಹಾಚ ಗೇಲೀ” ಎಂದರು. ಯಾವಾಗಲೋ ಹೋದಳು. ಅವರ ಮನೆಯಲ್ಲೇ ಸ್ನಾನ, ಅವರ ಮನೆಯಲ್ಲೇ ತಿಂಡಿ, ಅವರದೇ ಕೈಯ ಮೊಸರು ಸಕ್ಕರೆ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಕಾಕು ಒಗ್ಗರಣೆ ಅವಲಕ್ಕಿಯ ದೊಡ್ಡ ತಾಟನ್ನು ತಂದು ಅಂಗಳದ ನಡುವೆ ಇಟ್ಟರು. ಕರೆಯಲಿಲ್ಲ, ಬಾರಿಸಲಿಲ್ಲ. ಅಷ್ಟೂ ಮಕ್ಕಳು ಬಂದು ಮುತ್ತಿದವು. ವಿದ್ಯಾಳೂ ಎದ್ದು ಬಂದಳು, ನಂದು ಎರಡೂ ಕೈಯಿಂದ ತಿಂದ. ಕಾಕು ನನಗೂ ಒಂದು ಬಟ್ಟಲು ತಂದುಕೊಟ್ಟು, ತಮ್ಮ ಸೆರಗಿನ ತುದಿಯಿಂದ ನನ್ನ ಮೂಗಿನ ಮಸಿ ಒರೆಸಿದರು.

ಮಧ್ಯಾಹ್ನ ಇಡೀ ವಾಡೆ ಮಲಗಿತು. ಮಾಡಲು ಏನೂ ತೋಚದೆ, ನಂದುವನ್ನು ತಟ್ಟುತ್ತ ನಾನೂ ನೆಲಕ್ಕೆ ಬೆನ್ನು ಸೋಕಿಸಿದೆ. ಕಣ್ಣು ಬಿಟ್ಟಾಗ ಬಿಸಿಲು ಗೋಡೆ ಹತ್ತಿತ್ತು, ಸುಧಾ ಎದುರಿಗೆ ಚಹಾ ಹಿಡಿದು ನಿಂತಿದ್ದಳು.

“ಹೆಂಗ ಬರದಿ?”

“ಭಾಳ ಛಲೋ ಬರದೆ ಅವ್ವಾ. ಎಲ್ಲಾ ಬರದೆ.” ಅಷ್ಟು ಹಗುರಾದ ಮುಖವನ್ನು ನಾನು ವಾರವಿಡೀ ನೋಡಿರಲಿಲ್ಲ. ಆಮೇಲೆ ತನ್ನ ಚೀಲಕ್ಕೆ ಕೈಹಾಕಿ, ನನ್ನ ಗಂಟೆಯನ್ನು ತೆಗೆದು ಮುಂದಿಟ್ಟಳು. ಅದರ ನಾಲಿಗೆಗೆ ಅವಳ ಕರವಸ್ತ್ರ ಬಿಗಿಯಾಗಿ ಸುತ್ತಿತ್ತು.

“ಪರೀಕ್ಷಾಕ್ಕ ಒಯ್ದಿದ್ದೇನ ಇದನ್ನ?”

“ಮನ್ಯಾಗ ಎಲ್ಲಿ ಇಟ್ಟರೂ ನಿನಗ ಸಿಗತಿತ್ತು. ಹಿಟ್ಟಿನ ಡಬ್ಬೀನೂ ನೀ ಬಿಡೂದಿಲ್ಲ” ಎಂದು ಅವಳು ನಕ್ಕಳು. ನಕ್ಕವಳು ಥಟ್ಟನೆ ಬಾಯಿ ಮುಚ್ಚಿಕೊಂಡು ಕಿಟಕಿಯ ಆಚೆ ನೋಡತೊಡಗಿದಳು.

ಆ ಡಬ್ಬಿಯ ಪ್ರಕರಣದಲ್ಲಿ ಅರವತ್ತು ಜನರನ್ನು ವಿಚಾರಿಸಿದ್ದೆನಲ್ಲ, ಅರವತ್ತೊಂದನೆಯವಳು ನನ್ನ ಪಕ್ಕದಲ್ಲೇ ಎರಡು ಜಡೆ ಹಾಕಿಕೊಂಡು ನಿಂತಿದ್ದಳು. ನಾನು ಕೆಮ್ಮಿ, ಚಹಾ ಕುಡಿದೆ. ಶಿಕ್ಷೆಯ ಅವಧಿ ಮುಗಿದುಹೋಗಿದೆಯೆಂದು ನನ್ನಷ್ಟಕ್ಕೆ ತೀರ್ಮಾನಿಸಿದೆ.

ಸುಧಾ ಪಾಸಾದಳು. ಗಂಟೆ ಈಗ ಧಾರವಾಡದಲ್ಲಿ ನನ್ನ ಕಪಾಟಿನ ಮೇಲಿದೆ, ಕರವಸ್ತ್ರವನ್ನು ಬಿಚ್ಚಿಲ್ಲ. ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನೋಡಲು ಬಂದಿದ್ದಳು. ನನ್ನ ಬಾಗಿಲಲ್ಲಿ ತೂಗುವ ಹಲಗೆಯನ್ನು ಓದಿ, ಇದು ವಾರ್ಡನ್ ಬಾಯಿಯ ಮನೆಯಾಗಿರಲಾರದೆಂದು ತಿಳಿದು, ಓಣಿಯ ತುದಿಯವರೆಗೆ ವಿಚಾರಿಸಿಕೊಂಡು ಬಂದಳಂತೆ. ಇದೇ ಮನೆಯೆಂದು ಖಾತ್ರಿಯಾದ ಮೇಲೂ ಬಾಗಿಲು ತಟ್ಟದೆ, ನಾಲ್ಕು ಹೊಡೆಯುವವರೆಗೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ಎಷ್ಟಾದರೂ ನಾನು ತಿದ್ದಿದ ಹುಡುಗಿ. ನಾನಂತೂ ಒಳಗೆ ಮಲಗಿದ್ದೆ.