ಮೇಷ್ಟ್ರು ಬಾಯಿ ಮುಚ್ಚಿದ ಪಾಠ

ಟಪಾಲಮ್ಮ: ಅಲ್ಲ ರೀ, ಪ್ರಶ್ನೆ ನೀವು ಬರೆದ್ರಿ, ಸರಿ. ಮಕ್ಕಳ ಉತ್ತರಾನೂ ನೀವೇ ಬರೆದಿದ್ದೀರಲ್ಲ!

ಮೇಷ್ಟ್ರು: ಪಾಠಯೋಜನೆ ಅಂದ್ಮೇಲೆ ಎಲ್ಲಾ ಯೋಜನೆ ಪ್ರಕಾರ ಇರಬೇಕು ಕಣೇ.

ಟಪಾಲಮ್ಮ: ಇಲ್ನೋಡಿ, 'ಒಬ್ಬ ವಿದ್ಯಾರ್ಥಿ ಎದ್ದು, ಓಹೋ ಹೌದಲ್ಲ ಸರ್, ಎಂದು ಬೆರಗಾಗುವನು.' ಅವನು ಬೆರಗಾಗದೇ ಇದ್ರೆ?

ಮೇಷ್ಟ್ರು: ಆಗಿಸ್ತೀನಿ.

ಭಾನುವಾರ ಬೆಳಗ್ಗೆ, ಊಟದ ಮೇಜಿನ ಮೇಲೆ ಹನ್ನೆರಡು ಪುಟದ ಪಾಠಯೋಜನೆ ಹರಡಿತ್ತು. ಎದುರಿಗೆ ಕೂತವಳು ಮೇಷ್ಟ್ರ ಹೆಂಡತಿ. ಮನೆಮನೆಗೆ ಅಂಚೆ ಹಂಚುವವಳಾದ್ದರಿಂದ ಊರಿಗೆಲ್ಲ ಟಪಾಲಮ್ಮ. ಇಪ್ಪತ್ತೆರಡು ವರ್ಷ ಭೂಗೋಳ ಪಾಠ ಮಾಡಿದ ಮೇಷ್ಟ್ರಿಗೆ ಈಗ ಹೊಸ ಗಂಡಾಂತರ ಬಂದಿತ್ತು. ಶಾಲೆಯ ಹೊಸ ನಿಯಮದಂತೆ ಇನ್ನು ಮೇಲೆ ಮೇಷ್ಟ್ರು ಉತ್ತರ ಹೇಳಿಕೊಡುವಂತಿಲ್ಲ. ಪ್ರಶ್ನೆ ಹಿಡಿದು ಮಕ್ಕಳೇ ಹುಡುಕಬೇಕು. ಹೋದ ತಿಂಗಳು ಮುಖ್ಯೋಪಾಧ್ಯಾಯಿನಿ ಬಂದು ಪಾಠ ನೋಡಿದಾಗ ಮೇಷ್ಟ್ರು ಹನ್ನೊಂದು ಪ್ರಶ್ನೆ ಕೇಳಿ, ಹನ್ನೊಂದಕ್ಕೂ ತಾವೇ ಉತ್ತರ ಕೊಟ್ಟಿದ್ದರು. ನಾಳೆ ಅವರು ಮತ್ತೆ ಬರುತ್ತಾರೆ. ಈ ಸಲವೂ ಹಾಗೇ ಆದರೆ ಮೇಷ್ಟ್ರ ಪ್ರೀತಿಯ ಒಂಬತ್ತನೇ ತರಗತಿ ಬೇರೊಬ್ಬ ಮೇಷ್ಟ್ರ ಪಾಲು.

ಟಪಾಲಮ್ಮ: ಸರಿ, ನಾನೇ ವಿದ್ಯಾರ್ಥಿ. ಕೇಳಿ.

ಮೇಷ್ಟ್ರು: ಪಟ್ಟಣಗಳು ನದಿಯ ದಡದಲ್ಲೇ ಏಕೆ ಬೆಳೆದವು?

ಟಪಾಲಮ್ಮ: ನಮ್ಮೂರಲ್ಲಿ ನದೀನೇ ಇಲ್ವಲ್ಲ ಸರ್.

ಮೇಷ್ಟ್ರು: ಇದೆ ಅಂದ್ಕೋ.

ಟಪಾಲಮ್ಮ: ಅಂದ್ಕೊಂಡೆ. ದಡದಲ್ಲಿ ಯಾಕಂದ್ರೆ, ನಡುವೆ ಕಟ್ಟಿದ್ರೆ ಮುಳುಗಿಹೋಗುತ್ತೆ ಸರ್.

ಮೇಷ್ಟ್ರು: ಕುಡಿಯೋ ನೀರು! ಬೇಸಾಯ! ಸರಕು ಸಾಗಣೆ!

ಟಪಾಲಮ್ಮ: ಹೇಳೇಬಿಟ್ರಿ.

ಮೇಷ್ಟ್ರು: ಎಲ್ಲಿ ಹೇಳ್ದೆ? ಸುಳಿವು ಕೊಟ್ಟೆ ಅಷ್ಟೆ.

ಟಪಾಲಮ್ಮ: ಸುಳಿವಾ? ಸುಲಿದು ಬಾಯಿಗೇ ಇಟ್ರಿ.

ಮೇಷ್ಟ್ರು ಮುಖ ಊದಿಸಿಕೊಂಡು ಪುಟಗಳನ್ನು ಜೋಡಿಸತೊಡಗಿದರು.

ಮೇಷ್ಟ್ರು: ಊರೆಲ್ಲ ಸುತ್ತೋಳು, ಒಳ್ಳೆ ಪ್ರಶ್ನೆ ನೀನೇ ಕೊಡು ನೋಡೋಣ.

ಟಪಾಲಮ್ಮ: ಪೇಟೆ ಬೀದೀಲಿ ಎಡಗಡೆ ಅಂಗಡಿಗಳಲ್ಲಿ ಕಾಲಿಡೋಕೆ ಜಾಗ ಇಲ್ಲ. ಬಲಗಡೆ ವರ್ಷಕ್ಕೊಂದು ಬೋರ್ಡು. ದರ್ಜಿ ಹೋದ, ಚಪ್ಪಲಿ ಅಂಗಡಿ ಬಂತು. ಅದೂ ಮುಚ್ಚಿ ಕನ್ನಡಕದವನು ಬಂದ. ಹೋದವರ ಕಾಗದ ಹಿಡ್ಕೊಂಡು ಅಲೆಯೋಳು ನಾನು! ಒಂದೇ ಬೀದೀಲಿ ಯಾಕೆ ಹೀಗೆ?

ಮೇಷ್ಟ್ರು: ಯಾಕಂದ್ರೆ...

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ 'ಯಾಕಂದ್ರೆ'ಯ ಮುಂದೆ ಏನೂ ಹೊರಡಲಿಲ್ಲ.

ಟಪಾಲಮ್ಮ: ನಂಗೊತ್ತು, ಹೇಳ್ಲಾ?

ಮೇಷ್ಟ್ರು: (ಎರಡೂ ಕಿವಿ ಮುಚ್ಚಿ) ಬೇಡ! ನನ್ನ ಹೊಟ್ಟೇಲಿ ಉತ್ತರ ನಿಲ್ಲಲ್ಲ ಅಂತ ನಿಂಗೊತ್ತಲ್ಲ!

ಹನ್ನೆರಡು ಪುಟ ಹಳೇ ಪೇಪರಿನ ಕಟ್ಟಿಗೆ ಸೇರಿದವು. ಸೋಮವಾರ ಮೇಷ್ಟ್ರು ಹಲಗೆಯ ಮೇಲೆ ಆ ಒಂದೇ ಪ್ರಶ್ನೆ ಬರೆದು, ಕಿಟಕಿಯ ಪಕ್ಕ ಹೋಗಿ ನಿಂತರು. ಒಂದು ನಿಮಿಷ ಕಳೆಯಿತು. ಮಕ್ಕಳು ಮೇಷ್ಟ್ರ ಉತ್ತರ ಬರೆದುಕೊಳ್ಳಲು ಪೆನ್ನು ಹಿಡಿದು ಕಾದರು. ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿಂದ ನೋಡಿದರು. ಮೇಷ್ಟ್ರ ನಾಲಗೆ ತುರಿಸತೊಡಗಿತು. ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ಎದ್ದಳು.

ಹುಡುಗಿ: ಸರ್, ಉತ್ತರ ನಿಮಗೆ ಗೊತ್ತಾ?

ಮೇಷ್ಟ್ರು: ಇಲ್ಲಮ್ಮ.

ಹುಡುಗಿ: ನಿಜವಾಗ್ಲೂ?

ಮೇಷ್ಟ್ರು: ನಿನ್ನಾಣೆ.

ತರಗತಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಎಣಿಸೋಣ ಅಂದರು, ಅಳೆಯೋಣ ಅಂದರು, ಅಂಗಡಿಯವರನ್ನೇ ಕೇಳೋಣ ಅಂದರು. ಅರ್ಧ ಗಂಟೆಯೊಳಗೆ ಅಷ್ಟೂ ಮಕ್ಕಳು ಪೇಟೆಯಲ್ಲಿದ್ದರು. ಅಳತೆ ಟೇಪಿನ ಒಂದು ತುದಿ ಮುಖ್ಯೋಪಾಧ್ಯಾಯಿನಿಯ ಕೈಯಲ್ಲೇ ಇತ್ತು.

ಸಂಜೆ ಟಪಾಲಮ್ಮ ಹೆಗಲ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ಕಾಯುತ್ತಿದ್ದಳು.

ಟಪಾಲಮ್ಮ: ಒಂಬತ್ತನೇ ತರಗತಿ?

ಮೇಷ್ಟ್ರು: ನಂದೇ.

ಟಪಾಲಮ್ಮ: ಸದ್ಯ! ಈಗ ಹೇಳ್ತೀನಿ ಕೇಳಿ, ನಿನ್ನೆಯಿಂದ ಹೊಟ್ಟೆ ಉಬ್ಬರಿಸ್ತಿದೆ. ನೆರಳು ರೀ, ನೆರಳು! ಮಧ್ಯಾಹ್ನ ಎಡಗಡೆ ನೆರಳು, ಬಲಗಡೆ ಸುಡೋ ಬಿಸಿಲು.

ಮೇಷ್ಟ್ರು: ಒಂದು ಗುಂಪು ಹಾಗೇ ಅಂತು. ಆದ್ರೆ ಇವತ್ತು ದಿನವಿಡೀ ಮೋಡ. ಆದ್ರೂ ಎಡಗಡೆ ನೂರ ನಲವತ್ತು ಜನ, ಬಲಗಡೆ ಮೂವತ್ತೊಂದು.

ಟಪಾಲಮ್ಮ: ಹದಿನಾರು ವರ್ಷ ಆ ಬೀದೀಲಿ ಚಪ್ಪಲಿ ಸವೆಸಿದ್ದೀನಿ! ಮತ್ತೇನಂತೆ ಕಾರಣ?

ಮೇಷ್ಟ್ರು: ಬಸ್ಸು ಎಡಗಡೆ ನಿಲ್ಲುತ್ತೆ ಅಂತ ಕೆಲವರು. ಬಲಗಡೆ ಮೆಟ್ಟಿಲು ಎತ್ತರ, ವಯಸ್ಸಾದವರಿಗೆ ಹತ್ತೋಕಾಗಲ್ಲ ಅಂತ ಕೆಲವರು. ನಾಳೆ ಮತ್ತೆ ಎಣಿಸ್ತಾರಂತೆ.

ಟಪಾಲಮ್ಮ: ಏನೂ ಎಣಿಸೋದು ಬೇಡ. ನಾಳೆ ನಾನೇ ಬಂದು ಆ ಮಕ್ಕಳಿಗೆ ಉತ್ತರ ಹೇಳಿಬಿಡ್ತೀನಿ.

ಮೇಷ್ಟ್ರು ಚಪ್ಪಲಿ ಕಳಚಿ ನಿಧಾನವಾಗಿ ಕುರ್ಚಿಗೆ ಒರಗಿದರು.

ಮೇಷ್ಟ್ರು: ಬಾ, ಹಿಂದಿನ ಬೆಂಚು ಖಾಲಿ ಇದೆ. ಏನಾದ್ರೂ ಹೇಳ್ಬೇಕು ಅನ್ನಿಸಿದ್ರೆ ಕೈ ಎತ್ತು.