ಸೊಸೆಗೊಂದು ‘ಹಾರಿಬಲ್’ ಹೊಗಳಿಕೆ

ಮಗ ಆ ಹುಡುಗಿಯನ್ನು ಮೊದಲ ಸಲ ಮನೆಗೆ ಕರೆತಂದ ದಿನ, ಅವಳು ಚಪ್ಪಲಿ ಬಿಡುವ ಮೊದಲೇ ಇಂಗ್ಲಿಷ್ ಬಿಟ್ಟಳು.

“ವಾವ್! ಸೋ ಕ್ಯೂಟ್ ಮನೆ! ಅಮೇಜಿಂಗ್ ಕಿಟಕಿ! ಆಂಟಿ, ಈ ಕುರ್ಚಿ... ಓ ಮೈ ಗಾಡ್, ಐ ಲವ್ ಇಟ್!”

ಕಾಲು ಮುರಿದು ತಂತಿ ಸುತ್ತಿಸಿಕೊಂಡಿದ್ದ ಕುರ್ಚಿ ಅದು. ಅದನ್ನೇ ಪ್ರೀತಿಸುವವಳು ನನ್ನ ಮಗನನ್ನು ಒಪ್ಪಿದ್ದರಲ್ಲಿ ಆಶ್ಚರ್ಯವೇನು ಎಂದುಕೊಂಡರು ಛತ್ರಿಯಮ್ಮ.

ಬೀದಿಯವರು ಅವರನ್ನು ಛತ್ರಿಯಮ್ಮ ಎನ್ನುತ್ತಿದ್ದದ್ದು ಗುಣ ನೋಡಿ ಅಲ್ಲ, ಕೆಲಸ ನೋಡಿ. ಮದುವೆಗೆ ಮುಂಚಿನಿಂದಲೂ ಅವರದು ಛತ್ರಿ ಕಾರ್ಖಾನೆಯಲ್ಲಿ ಪರೀಕ್ಷೆಯ ಕೆಲಸ. ಛತ್ರಿ ಬಿಚ್ಚಬೇಕು, ಬೆಳಕಿಗೆ ಹಿಡಿಯಬೇಕು, ಕಡ್ಡಿ ಒಂದೊಂದನ್ನೂ ಬೆರಳಿನಿಂದ ತಟ್ಟಬೇಕು, ಕೊನೆಗೆ ನಲ್ಲಿಯ ಕೆಳಗೆ ಹಿಡಿಯಬೇಕು. ಹನಿ ಸೋರಿದರೆ ‘ಊಹೂಂ’. ಸೋರದಿದ್ದರೆ ‘ಪರವಾಗಿಲ್ಲ’. ಅಷ್ಟೇ! ಅದಕ್ಕಿಂತ ದೊಡ್ಡ ಬಿರುದು ಅಲ್ಲಿ ಯಾವ ಛತ್ರಿಗೂ ಸಿಕ್ಕಿದ್ದಿಲ್ಲ. ಅವರು ಕೆಲಸ ಬಿಟ್ಟರೂ ನಾಲಿಗೆ ಕೆಲಸ ಬಿಡಲಿಲ್ಲ. ಹಿಂದೆ ತಮ್ಮನ್ನು ನೋಡಲು ಬಂದ ಗಂಡಿನ ಬಗ್ಗೆ ಮನೆಯವರು ಕೇಳಿದಾಗಲೂ ‘ಪರವಾಗಿಲ್ಲ’ ಎಂದಿದ್ದರು. ಗಂಡನಾದ ಆ ಪುಣ್ಯಾತ್ಮರು ಆ ಒಂದೇ ಮಾತಿನ ಬಲದಿಂದ ಕೊನೆಯವರೆಗೂ ಎದೆಯುಬ್ಬಿಸಿಕೊಂಡು ಓಡಾಡಿದರು!

ಹುಡುಗಿ ಸೊಸೆಯಾಗಿ ಬಂದಳು. ತಾನೇ ಹೊಲಿದ ಕೈಚೀಲವೊಂದನ್ನು ಅತ್ತೆಗೆ ಕೊಟ್ಟಳು. ಛತ್ರಿಯಮ್ಮ ಅದನ್ನು ಒಳಗು ಹೊರಗು ಮಾಡಿದರು, ಬೆಳಕಿಗೆ ಹಿಡಿದರು, ಹೊಲಿಗೆ ಎಳೆದು ನೋಡಿದರು. “ಪರವಾಗಿಲ್ಲ.” ಸೂಪ್ ಮಾಡಿಕೊಟ್ಟಳು. “ಪರವಾಗಿಲ್ಲ.” ಹೊಸದಾಗಿ ಕೂದಲು ಕತ್ತರಿಸಿಕೊಂಡು ಬಂದು ಗಿರ್ರನೆ ತಿರುಗಿ ತೋರಿಸಿದಳು. ಛತ್ರಿಯಮ್ಮ ಅವಳನ್ನೂ ಕಿಟಕಿಯ ಬೆಳಕಿಗೆ ನಿಲ್ಲಿಸಿ, ಸುತ್ತಲೂ ನೋಡಿ, “ಪರವಾಗಿಲ್ಲ” ಎಂದರು. ನಲ್ಲಿಯ ಕೆಳಗೆ ಹಿಡಿಯಲಿಲ್ಲ ಅನ್ನುವುದೊಂದೇ ಪುಣ್ಯ!

ಒಂದು ಸಂಜೆ ಕೋಣೆಯಿಂದ ಸೊಸೆಯ ಬಿಕ್ಕು ಕೇಳಿಸಿತು.

“ನಿಮ್ಮಮ್ಮನಿಗೆ ನಾನಂದ್ರೆ ಇಷ್ಟ ಇಲ್ಲ ಕಣ್ರೀ. ಏನು ಮಾಡಿದ್ರೂ ಪರವಾಗಿಲ್ಲ, ಪರವಾಗಿಲ್ಲ! ಐ ಆಮ್ ಡೀಪ್ಲಿ ಹರ್ಟ್. ಬೇರೆ ಮನೆ ನೋಡೋಣ.”

“ಅಮ್ಮ ಹಾಗೇನೇ” ಎಂದ ಮಗ. ಗಂಡಸರು ಆದಿಕಾಲದಿಂದ ಹೇಳುತ್ತಾ ಬಂದ, ಯಾವ ಮನೆಯನ್ನೂ ಉಳಿಸದ ಮಾತು!

ಹೊರಗೆ ಕೇಳಿಸಿಕೊಂಡ ಛತ್ರಿಯಮ್ಮ ಗೋಡೆಯ ಗಡಿಯಾರದ ಕಡೆ ನೋಡಿದರು. ಗಂಡ ಹೋದ ಮೇಲೆ ಆ ಮನೆಯಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಗಡಿಯಾರ ಒಂದೇ. ಈ ವಾವ್ ಹುಡುಗಿ ಬಂದ ಮೇಲೆ ಅದರ ಸದ್ದು ಕೇಳಿಸಿರಲೇ ಇಲ್ಲ. ಇವಳು ಹೋದರೆ ಮತ್ತೆ ಅದೇ ಟಿಕ್ ಟಿಕ್!

‘ಸೂಜಿಮೊನೆಯಷ್ಟು ತೂತು ಹುಡುಕಿದವಳು ನಾನು. ನಾಲ್ಕು ಇಂಗ್ಲಿಷ್ ಪದ ಹುಡುಕಲಾರೆನೇ?’ ಎಂದು ಸೆರಗು ಸಿಕ್ಕಿಸಿ ನೇರ ಪಕ್ಕದ ಮನೆಗೆ ದಂಡಯಾತ್ರೆ ಹೊರಟರು. ಅಲ್ಲಿದ್ದವಳು ಬ್ರೇಕಿಂಗಮ್ಮ. ಬೆಳಗಿನಿಂದ ರಾತ್ರಿಯವರೆಗೆ ಟೀವಿಯಲ್ಲಿ ವಾರ್ತೆ ನೋಡುವುದೇ ಅವಳ ಕಾಯಕ.

“ತುಂಬಾ, ವಿಪರೀತ, ಹೊಟ್ಟೆಯೊಳಗಿಂದ ಅನ್ನೋಕೆ ಇಂಗ್ಲಿಷಲ್ಲಿ ಏನೇ ಅಂತಾರೆ?”

“ಅದಕ್ಕೇನು ಬರ ಅಕ್ಕ! ಟೀವೀಲಿ ದಿನಾ ಬರುತ್ತೆ. ಹಾರಿಬಲ್, ಶಾಕಿಂಗ್, ಟ್ರ್ಯಾಜಿಕ್, ಹಾರ್ಟ್‌ಬ್ರೋಕನ್!”

“ಇದರಲ್ಲಿ ದೊಡ್ಡದು ಯಾವುದು?”

“ಎಲ್ಲಾ ದೊಡ್ಡವೇ. ಕೆಂಪಕ್ಷರದಲ್ಲೇ ಬರೋದು. ಢಣ್ ಅಂತ ಬಾರಿಸಿಯೇ ಹೇಳೋದು.”

ಬಾರಿಸಿ ಹೇಳುವ ಮಾತು ಒಳ್ಳೆಯದಲ್ಲದೆ ಇನ್ನೇನು! ಛತ್ರಿಯಮ್ಮ ಪಾತ್ರೆ ತೊಳೆಯುತ್ತಾ, ಬಟ್ಟೆ ಹಿಂಡುತ್ತಾ ನಾಲ್ಕನ್ನೂ ಉರು ಹೊಡೆದರು.

ಭಾನುವಾರ ಸೊಸೆಯ ತಾಯಿ ಮಗಳನ್ನು ನೋಡಲು ಬಂದರು. ಸೊಸೆ ಕೇಕು ಮಾಡಿದ್ದಳು. ಇದೇ ಮುಹೂರ್ತವೆಂದು ಛತ್ರಿಯಮ್ಮ ಗಂಟಲು ಸರಿಮಾಡಿಕೊಂಡರು.

“ಬೀಗರೇ, ನಿಮ್ಮ ಮಗಳ ಕೇಕು ಹಾರಿಬಲ್!”

ಬೀಗಿತ್ತಿಯ ಚಮಚ ಗಾಳಿಯಲ್ಲೇ ನಿಂತಿತು.

“ಅಡುಗೆ ಎಲ್ಲಾ ಟ್ರ್ಯಾಜಿಕ್! ಗುಣ ಅಂತೂ ಶಾಕಿಂಗ್!”

ಸೊಸೆಯ ಮುಖ ಬಿಳಿಚಿಕೊಂಡಿತು. ಸಂತೋಷಕ್ಕೆ ಪಾಪ ಮಾತೇ ಹೊರಡುತ್ತಿಲ್ಲ ಎಂದುಕೊಂಡ ಛತ್ರಿಯಮ್ಮ ಬ್ರಹ್ಮಾಸ್ತ್ರವನ್ನೇ ಬಿಟ್ಟರು.

“ಇವಳು ಈ ಮನೆಗೆ ಕಾಲಿಟ್ಟ ದಿನದಿಂದ ನಾನು ಹಾರ್ಟ್‌ಬ್ರೋಕನ್!”

ಬೀಗಿತ್ತಿ ತಟ್ಟೆ ತಳ್ಳಿ ಎದ್ದರು. “ನಡಿಯೇ, ಬಟ್ಟೆ ತಗೋ! ಇಷ್ಟೆಲ್ಲಾ ಅನ್ನಿಸ್ಕೊಂಡು ಇಲ್ಲಿರೋಕೆ ನಿನಗೇನು ಬೇರೆ ಗತಿ ಇಲ್ವಾ?”

“ಅಮ್ಮ ಹಾಗೇನೇ...” ಎಂದ ಮಗ, ಕೇಕು ನುಂಗುತ್ತಾ.

“ನೀವು ಸುಮ್ನಿರಿ ಅಳಿಯಂದಿರೇ!”

ಸೊಸೆ ಕೋಣೆಗೆ ಓಡಿದಳು. ಕಪಾಟಿನ ಬಾಗಿಲು ದಡಾರೆಂದಿತು. ಛತ್ರಿಯಮ್ಮ ಹಿಂದೆಯೇ ಓಡಿ ಅಡ್ಡ ನಿಂತರು.

“ಸಾಲದಾಯ್ತೇನಮ್ಮಾ? ಪಕ್ಕದ ಮನೆಯವಳ ಹತ್ರ ಇನ್ನೂ ದೊಡ್ಡವು ಇರ್ತಾವೆ. ಒಂದೇ ನಿಮಿಷ, ಕೇಳ್ಕೊಂಡು ಬಂದ್ಬಿಡ್ತೀನಿ!”

ಸೊಸೆಯ ಕೈಯಲ್ಲಿದ್ದ ಸೀರೆ ನೆಲಕ್ಕೆ ಬಿತ್ತು. “ಯಾರು, ಆ ಟೀವಿ ಆಂಟೀನಾ? ಅತ್ತೆ, ನೀವು ಹೇಳಿದ್ದೆಲ್ಲಾ ಸಾವು ನೋವಿಗೆ ಹೇಳೋ ಮಾತು!”

“ಅಯ್ಯೋ ನನ್ನ ಬಾಯಿಗಿಷ್ಟು!” ಛತ್ರಿಯಮ್ಮ ಮಂಚದ ಮೇಲೆ ಕುಸಿದರು. “ತುಂಬಾ ಚೆನ್ನಾಗಿದೆ ಅಂತ ಹೇಳೋಕೆ ಹೋದೆ ಕಣೇ. ನಿನಗೆ ಪರವಾಗಿಲ್ಲ ಅಂದ್ರೆ ಸಾಲಲ್ಲ ಅಂತ.”

“ಮತ್ತೆ ಆ ‘ಪರವಾಗಿಲ್ಲ’ ಅಂದ್ರೆ ಏನು?”

ಛತ್ರಿಯಮ್ಮ ಬಾಗಿಲಾಚೆ ಗೂಟಕ್ಕೆ ತೂಗುಹಾಕಿದ್ದ ಕೈಚೀಲ ತೋರಿಸಿದರು. ದಿನಾ ಹಿಡಿದು ಹಿಡಿದು ಅದರ ಬಣ್ಣವೇ ಮಾಸಿತ್ತು. “ಅದರಲ್ಲಿ ತೂತು ಹುಡುಕಿದೆ, ಸಿಗಲಿಲ್ಲ. ನಿನ್ನಲ್ಲೂ ಹುಡುಕಿದೆ ಕಣಮ್ಮ, ಸುಳ್ಳು ಯಾಕೆ ಹೇಳಲಿ. ಸಿಗಲಿಲ್ಲ. ಸಿಗದಿದ್ರೆ ಪರವಾಗಿಲ್ಲ ಅನ್ನೋದು ನಮ್ಮ ಕಾರ್ಖಾನೆ ಪದ್ಧತಿ. ಅದಕ್ಕಿಂತ ದೊಡ್ಡ ಮಾತು ನನ್ನ ಗಂಡನಿಗೂ ಸಿಕ್ಕಿಲ್ಲ.”

ಸೊಸೆ ಇಂಗ್ಲಿಷಿಗೆ ಬಾಯಿ ತೆರೆದಳು. ಜೀವನದಲ್ಲೇ ಮೊದಲ ಸಲ ಒಂದೂ ಬರಲಿಲ್ಲ! ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಬೀಗಿತ್ತಿಯೇ ಮೂಗೊರೆಸಿಕೊಂಡು, “ಹೋಗಲಿ, ಆ ಹಾರಿಬಲ್ ಕೇಕು ಇನ್ನೊಂದು ತುಂಡು ಕೊಡಿ” ಎಂದರು.

ಗೆದ್ದ ಉತ್ಸಾಹದಲ್ಲಿ ಛತ್ರಿಯಮ್ಮ ಎಲ್ಲರಿಗೂ ಕಾಫಿ ಮಾಡಿದರು. ಸೊಸೆ ತನ್ನ ಲೋಟವನ್ನು ಬೆಳಕಿಗೆ ಹಿಡಿದಳು. ಅಂಚನ್ನು ಬೆರಳಿನಿಂದ ಟಣ್ಣೆಂದು ತಟ್ಟಿದಳು. ಒಂದು ಗುಟುಕು ಕುಡಿದಳು.

“ಪರವಾಗಿಲ್ಲ, ಅತ್ತೆ.”

ಛತ್ರಿಯಮ್ಮ ಕಾದರು. ಮುಂದೆ ಏನೂ ಬರಲಿಲ್ಲ. ಒಂದು ವಾವ್ ಇಲ್ಲ, ಒಂದು ಸೂಪರ್ ಇಲ್ಲ.

“ಅಷ್ಟೇನಾ?” ಬಾಯಿ ತಪ್ಪಿ ಬಂದೇಬಿಟ್ಟಿತು. “ನಿನಗೇ ಅಂತ ಗಟ್ಟಿ ಹಾಲು ಹಾಕಿದ್ದೆ. ಒಂದು ಅಮೇಜಿಂಗ್ ಆದ್ರೂ ಅನ್ನಬಾರದಾ?”

ಸೊಸೆ ಲೋಟ ಕೆಳಗಿಟ್ಟಳು. ಅತ್ತೆಯ ಪಕ್ಕಕ್ಕೆ ಬಂದು ಅಂಟಿಕೊಂಡು ಕುಳಿತು, ನಗು ತಡೆದುಕೊಂಡು ಕೇಳಿದಳು:

“ಈಗ ಗೊತ್ತಾಯ್ತಾ ಅತ್ತೆ, ಇಷ್ಟು ದಿನ ನನಗೆ ಹೇಗಾಗ್ತಿತ್ತು ಅಂತ?”