ನಾನು ಜರ್ಮನಿಗೆ ಹೋಗಿದ್ದು, ಅತ್ತೆ ಕಾಫಿ ಬಿಟ್ಟಿದ್ದು

ನಮ್ಮನೇಲಿ ಗಂಭೀರವಾಗಿ ಶುರುವಾದ ಯಾವ ಕೆಲಸವೂ ಇವತ್ತಿನವರೆಗೆ ಗಂಭೀರವಾಗಿ ಮುಗಿದಿಲ್ಲ. ನಾನು ನರ್ಸ್ ಕೆಲಸಕ್ಕೆ ಜರ್ಮನಿಗೆ ಹೊರಟಿದ್ದೂ ಹಾಗೇ ಆಯ್ತು.

ತಿಪಟೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಒಂಬತ್ತು ವರ್ಷ ದುಡಿದವಳು ನಾನು. ಮನೆ ಹಂದನಕೆರೆ ಕಡೆ, ತೆಂಗಿನ ತೋಟದೊಳಗೆ. ಗಂಡ, ಮಗಳು, ಅತ್ತೆ, ಮಾವ, ಜೊತೆಗೆ ಗೌರಿ ಅನ್ನೋ ಒಂದು ಹಸು. ನಾನು ಹೊರಡೋ ಸುದ್ದಿ ಹಬ್ಬಿದ ಕೂಡಲೇ ಊರಿನವರು ಕೇಳೋಕೆ ಶುರು ಮಾಡಿದರು, "ಗಂಡ ಮಗೀನ ಬುಟ್ಟು ಅಷ್ಟು ದೂರ ಹೋಯ್ತಾಳಂತಾ?" ನಾನು ಬಾಯಿ ತೆಗೆಯೋ ಮುಂಚೆ ಅತ್ತೆ ಉತ್ತರ ಕೊಟ್ಟರು. "ಹೂಂ ಕಣ್ರೀ, ಹೋಯ್ತಾಳೆ. ಮುದ್ದೆ ತಿರುವೋಕೆ ನಾನಿಲ್ವಾ?"

ಅಷ್ಟಕ್ಕೇ ಬಿಡಲಿಲ್ಲ. ಸೊಸೆ ಅಲ್ಲಿಯ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ಪೂರ್ತಿ ನರ್ಸ್ ಆಗೋವರೆಗೂ ಕಾಫಿ ಮುಟ್ಟಲ್ಲ ಅಂತ ಊರ ದೇವರ ಮುಂದೆ ಹರಕೆ ಕಟ್ಟಿಕೊಂಡುಬಿಟ್ಟರು. ದಿನಕ್ಕೆ ಆರು ಲೋಟ ಕುಡಿಯೋ ಹೆಂಗಸು! ಆ ಹರಕೆಯಿಂದ ಯಾರು ಯಾರು ಏನೇನು ಅನುಭವಿಸಿದರು ಅನ್ನೋದನ್ನ ಮುಂದೆ ಹೇಳ್ತೀನಿ.

೧. ಇಲ್ಲದ ಹುಟ್ಟುಹಬ್ಬ

ಜರ್ಮನಿಗೆ ಹೋಗೋಕೆ ಮೊದಲು ಜರ್ಮನ್ ಭಾಷೆ ಪಾಸು ಮಾಡಬೇಕು. ಆ ಪರೀಕ್ಷೇಲಿ ಇಬ್ಬರು ಎದುರುಬದುರು ಕೂತು ಒಂದು ಕಾರ್ಯಕ್ರಮದ ಏರ್ಪಾಡು ಹೇಗೆ ಅಂತ ಮಾತಾಡಿ ತೀರ್ಮಾನಕ್ಕೆ ಬರಬೇಕು. ನನಗೆ ಜೊತೆಗಾರರು ಎಲ್ಲಿ ಸಿಗಬೇಕು? ಆಗ ಕೊಬ್ಬರಿ ಕಾಲ. ಅಟ್ಟದಿಂದ ಕಾಯಿ ಇಳಿಸಿ, ಜಗಲಿ ಮೇಲೆ ಸಾಲಾಗಿ ಹೆಂಗಸರು ಕೂತು ಮಚ್ಚಿನಲ್ಲಿ ಚಿಪ್ಪು ಬಿಡಿಸ್ತಾ ಇದ್ದರು. "ನಾನೇ ಕೂರ್ತೀನಿ ಬಾ, ಕೈಗೆ ತಾನೆ ಕೆಲಸ, ಬಾಯಿ ಖಾಲಿ ಐತೆ" ಅಂದರು ಅತ್ತೆ.

ನಾನು ಜರ್ಮನಿನಲ್ಲಿ ಕೇಳೋದು, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳೋದು. ಅತ್ತೆ ಕನ್ನಡದಲ್ಲೇ ಉತ್ತರ ಕೊಡೋದು. ವಿಷಯ, ಹುಟ್ಟುಹಬ್ಬದ ಊಟ.

"ಯಾರನ್ನ ಕರೆಯೋಣ?" ಅಂದೆ.

"ನಿನ್ನ ಚಿಕ್ಕತ್ತೆನ ಒಬ್ಬಳನ್ನ ಬುಟ್ಟು ಎಲ್ಲರನ್ನೂ ಕರಿ" ಅಂದರು ಅತ್ತೆ.

"ಯಾಕೆ ಬಿಡಬೇಕು?" ಅಂತ ನಾನು ಜರ್ಮನಿನಲ್ಲಿ ಸೊಗಸಾಗಿ ವಾದ ಮಾಡಿದೆ.

"ಹೋದ ಸಲ ಬಂದವಳು ನನ್ನ ಪಾಯಸ ಚೆನ್ನಾಗಿಲ್ಲ ಅಂದಳಲ್ಲ, ಅದಕ್ಕೆ."

ಸಾಲಿನಲ್ಲಿದ್ದ ಹೆಂಗಸರೆಲ್ಲ ಮಚ್ಚು ಕೆಳಗಿಟ್ಟು ಪಕ್ಷ ಕಟ್ಟಿದರು. ಅರ್ಧ ಗಂಟೆ ನಡೀತು. ನನಗೆ ಒಳ್ಳೆ ಅಭ್ಯಾಸ ಆಯ್ತು, ಭಾಷೆ ಪರೀಕ್ಷೇನೂ ಪಾಸಾದೆ. ಆದರೆ ಆ ಸಾಲಿನ ಕೊನೇಲಿ ಕೂತು ಎಲ್ಲಾ ಕೇಳಿಸಿಕೊಂಡಿದ್ದವರು ಚಿಕ್ಕತ್ತೆಯ ತಂಗಿ. ಇಲ್ಲದ ಹುಟ್ಟುಹಬ್ಬಕ್ಕೆ ಕರೀಲಿಲ್ಲ ಅಂತ ಚಿಕ್ಕತ್ತೆ ಎರಡು ತಿಂಗಳು ನಮ್ಮನೆ ಕಡೆ ತಲೆ ಹಾಕಲಿಲ್ಲ.

೨. ಬೆಂಕಿ ಹತ್ತೋ ವಸ್ತು

ಹೊರಡೋ ದಿನ ಮಾವ ನನ್ನ ಪೆಟ್ಟಿಗೆಗೆ ಇಪ್ಪತ್ತು ಉಂಡೆ ಕೊಬ್ಬರಿ ತುಂಬಿದರು. ಒಂದೊಂದನ್ನೂ ಕಿವಿ ಹತ್ತಿರ ಅಲ್ಲಾಡಿಸಿ ಆರಿಸಿದ್ದು. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಅಧಿಕಾರಿ ಪೆಟ್ಟಿಗೆ ತೆರೆಸಿದರು.

"ಏನಮ್ಮ ಇದು?"

"ಕೊಬ್ಬರಿ ಸಾರ್. ನಮ್ಮ ತೋಟದ್ದು."

"ಕೊಬ್ಬರಿ ವಿಮಾನದಲ್ಲಿ ಬಿಡಲ್ಲ. ಎಣ್ಣೆ ಇರ್ತದಲ್ಲ, ಬೆಂಕಿ ಹತ್ತೋ ವಸ್ತು."

ಹೊರಗೆ ಕಾಯ್ತಿದ್ದ ಮಾವನಿಗೆ ಫೋನ್ ಮಾಡಿದೆ. ಅವರಿಗೆ ಸಿಟ್ಟು ನೆತ್ತಿಗೇರಿತು. "ಕೊಡವ್ವ ಫೋನು ಆ ಸಾಹೇಬ್ರಿಗೆ!" ಕೊಟ್ಟೆ. ಪಕ್ಕದ ಸಾಲಿನವರಿಗೂ ಕೇಳೋ ಹಾಗೆ ಮಾವ ಶುರು ಮಾಡಿದರು. "ಸ್ವಾಮೀ, ನಮ್ಮನೆ ಅಟ್ಟದ ಮೇಲೆ ಸಾವಿರಾರು ಕೊಬ್ಬರಿ ಐತೆ. ಅದರ ಕೆಳಗೇ ಮಂಚ ಹಾಕ್ಕೊಂಡು ನಲವತ್ತು ವರ್ಷದಿಂದ ಬೀಡಿ ಸೇದ್ತಾ ಇವ್ನಿ. ಇವತ್ತಿನವರೆಗೂ ಒಂದು ಕಿಡಿ ಹತ್ತಿಲ್ಲ!"

ಅಧಿಕಾರಿ ತುಂಬಾ ಮರ್ಯಾದೆಯಿಂದ ಹೇಳಿದರು, "ಯಜಮಾನ್ರೇ, ದಯವಿಟ್ಟು ಇವತ್ತಿಂದ ಅಂಗಳದಲ್ಲಿ ಸೇದಿ."

೩. ಕಾಫಿ ಇಲ್ಲದ ಮನೆ

ಜರ್ಮನಿಗೆ ಹೋದ ಮೇಲೆ ಇನ್ನೊಂದು ದೊಡ್ಡ ಪರೀಕ್ಷೆ. ನಿಜವಾದ ರೋಗಿಯನ್ನ ಕೊಟ್ಟು, ಇಬ್ಬರು ಪರೀಕ್ಷಕರು ಪಕ್ಕದಲ್ಲಿ ನಿಂತು ನೋಡ್ತಾರೆ. ಪಾಸಾದರೆ ಪೂರ್ತಿ ನರ್ಸ್, ಗಂಡ ಮಗಳನ್ನೂ ಕರೆಸಿಕೊಳ್ಳಬಹುದು. ಎರಡೇ ಅವಕಾಶ. ಎರಡು ಸಲ ಫೇಲಾದರೆ ಗಂಟುಮೂಟೆ ಕಟ್ಟಬೇಕು.

ಮೊದಲ ಸಲ ನಾನು ಫೇಲು. ಕೈ ಕೆಲಸದಲ್ಲಿ ಒಂದು ತಪ್ಪಿಲ್ಲ. ಆದರೆ ನಮ್ಮಲ್ಲಿ ವಾರ್ಡು ತುಂಬಾ ಜನ, ಮಾತಾಡ್ತಾ ನಿಂತರೆ ಕೆಲಸ ಸಾಗಲ್ಲ. ಅದೇ ಅಭ್ಯಾಸದಲ್ಲಿ ಬಾಯಿ ಮುಚ್ಚಿಕೊಂಡು ಚಕಚಕ ಅಂತ ಮುಗಿಸಿದೆ. ಪರೀಕ್ಷಕಿ ಹೇಳಿದರು, "ನೀವು ಏನು ಮಾಡ್ತಿದ್ದೀರಿ ಅಂತ ರೋಗಿಗೆ ಒಂದು ಮಾತೂ ಹೇಳಲಿಲ್ಲ. ಅವರು ಹೆದರಿಕೊಂಡರು."

ಅಳುತ್ತಾ ಅತ್ತೆಗೆ ಫೋನ್ ಮಾಡಿದೆ. ಬೈಯಲಿಲ್ಲ. "ಅವರು ಹೇಳಿದ್ದು ಸರಿಯಾಗೇ ಐತೆ ಕಣವ್ವ. ಮಾತಾಡಿಸದೆ ಕೈ ಹಾಕಿದ್ರೆ ನಮ್ಮ ಗೌರಿನೂ ಒದೀತಾಳೆ. ಇನ್ನೊಂದು ಸಲ ಐತಲ್ಲ, ಮಾಡು. ನನ್ನ ಕಾಫಿಗೇನು ಅವಸರ" ಅಂದರು. ಹತ್ತಿರದಲ್ಲಿದ್ದಿದ್ದರೆ ಅವರ ಕಾಲಿಗೆ ಬಿದ್ದುಬಿಡ್ತಿದ್ದೆ.

ಹತ್ತು ನಿಮಿಷ ಕಳೆದು ಮಾವನ ಫೋನು. ತೋಟದ ಮೂಲೆಯಿಂದ, ಪಿಸುದನೀಲಿ.

"ಅವ್ವಾ, ಓದ್ಕೊತಾ ಇದೀಯಾ?"

"ಓದ್ತಾ ಇದೀನಿ ಮಾವ."

"ಓದವ್ವ, ಚೆನ್ನಾಗಿ ಓದು. ನಿನ್ನ ಹತ್ರ ಮಾತ್ರ ನಿಮ್ಮತ್ತೆ ಹಂಗೆ ನಯವಾಗಿ ಮಾತಾಡೋದು. ಕಾಫಿ ಬಿಟ್ಟಾಗಿಂದ ನಾನು, ನಿನ್ನ ಗಂಡ ಇಬ್ಬರೂ ಊಟದ ಹೊತ್ತು ಬಿಟ್ರೆ ಮನೆಯೊಳಗೆ ಹೋಗಿಲ್ಲ."

೪. ಒದೆಯೋ ರೋಗಿ

ಎರಡನೇ ಸಲ, ಅಂದ್ರೆ ಕೊನೇ ಸಲ, ನನ್ನ ಪಾಲಿಗೆ ಬಂದವರು ಒಬ್ಬ ಅಜ್ಜ. ರೈಲು ಓಡಿಸಿ ನಿವೃತ್ತರಾದವರು, ಸೊಂಟದ ಆಪರೇಷನ್ ಆಗಿತ್ತು. ಹಿಂದಿನ ದಿನವೇ ಇಬ್ಬರು ನರ್ಸುಗಳನ್ನ ಗದರಿಸಿ ಓಡಿಸಿದ್ದರು. ಅವರ ಮೈ ಒರೆಸಿ, ಪಕ್ಕಕ್ಕೆ ತಿರುಗಿಸಿ, ಗಾಯ ನೋಡಬೇಕು. ಬಾಯಿಪಾಠ ಮಾಡಿದ್ದ ಜರ್ಮನ್ ವಾಕ್ಯಗಳನ್ನ ಒಂದೊಂದೇ ಹೇಳ್ತಾ ಹೋದೆ. ತಿರುಗಿಸೋಕೆ ಅಂತ ಕೈ ಹಾಕಿದೆ ನೋಡಿ, ಅಜ್ಜ ಕೂಗಿಕೊಂಡು ಒಳ್ಳೇ ಕಾಲನ್ನ ಝಾಡಿಸಿದರು. ಬೇಸನ್ ನೀರು ನನ್ನ ಮೇಲೆ, ಪರೀಕ್ಷಕಿಯ ಬೂಟಿನ ಮೇಲೆ.

ತಲೇಲಿದ್ದ ಜರ್ಮನ್ ಅಷ್ಟೂ ಎತ್ತಲೋ ಹಾರಿಹೋಯ್ತು. ಕಣ್ಣ ಮುಂದೆ ಗಂಡ, ಮಗಳು, ಅತ್ತೆಯ ಖಾಲಿ ಲೋಟ. ಆಗ ನನಗೇ ಗೊತ್ತಿಲ್ಲದೆ ನನ್ನ ಬಾಯಿಂದ ಅತ್ತೆ ದಿನಾ ಕೊಟ್ಟಿಗೇಲಿ ಆಡೋ ಮಾತು ಬಂತು, ಅದೇ ರಾಗದಲ್ಲಿ: "ಹೋ ಹೋ ಹೋ... ನಿಂತ್ಕೊ ನನ್ನವ್ವ, ನಿಂತ್ಕೊ. ಕಾಲು ಎತ್ತಬ್ಯಾಡ ನನ್ ಬಂಗಾರ. ಆಯ್ತು, ಆಯ್ತು, ಇನ್ನೊಂಚೂರು..." ಕೈ ಮೆಲ್ಲಗೆ ಬೆನ್ನು ಸವರ್ತಾ ಇತ್ತು.

ಅಜ್ಜ ಕೂಗೋದು ನಿಲ್ಲಿಸಿದರು. ಉಸಿರು ಬಿಟ್ಟರು. ನಾನು ಅದೇ ರಾಗಕ್ಕೆ ಜರ್ಮನ್ ಮಾತು ಜೋಡಿಸಿಕೊಂಡು, ಈಗ ತಿರುಗಿಸ್ತೀನಿ, ಈಗ ಗಾಯ ನೋಡ್ತೀನಿ ಅಂತ ಹೇಳ್ತಾ ಹೇಳ್ತಾ ಕೆಲಸ ಮುಗಿಸಿದೆ. ಅಜ್ಜ ಕಣ್ಣು ಮುಚ್ಚಿ ಹಾಯಾಗಿ ಮಲಗಿದ್ದರು.

ಹೊರಗೆ ಬಂದ ಮೇಲೆ ಪರೀಕ್ಷಕಿ ಕೈಕುಲುಕಿ, "ಪಾಸು" ಅಂದರು. ನಾನು ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ. ಆಮೇಲೆ ಅವರು ಕೇಳಿದರು, "ರೋಗಿಯನ್ನ ಸಮಾಧಾನ ಮಾಡೋ ಈ ವಿಧಾನ ಎಲ್ಲಿ ಕಲಿತಿರಿ?"

"ನಮ್ಮ ಅತ್ತೆಯಿಂದ."

"ಅವರೂ ನರ್ಸಾ?"

"ಅಲ್ಲ. ಮನೇಲೇ ಬೆಳಿಗ್ಗೆ ಸಂಜೆ ಒಬ್ಬರನ್ನ ನೋಡ್ಕೊತಾರೆ."

"ಕಷ್ಟದ ರೋಗಿಯಾ?"

"ಕಷ್ಟ ಏನಿಲ್ಲ. ಸ್ವಲ್ಪ ಒದೀತಾರೆ."

ಪರೀಕ್ಷಕಿ ಗೌರವದಿಂದ ತಲೆಯಾಡಿಸಿ ಫೈಲಿನಲ್ಲಿ ಏನೋ ಬರೆದುಕೊಂಡರು.

೫. ಅಜ್ಜನ ಆಸೆ

ಸುದ್ದಿ ಹೇಳೋಕೆ ವಿಡಿಯೋ ಕಾಲ್ ಮಾಡಿದರೆ ಅತ್ತೆ "ಹೌದಾ ಕಣವ್ವಾ?" ಅಂದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು. ಮಾವ ಮಾತ್ರ ಅಡಿಗೆಮನೆಯಿಂದ ಕೂಗಿದರು, "ಅಳೋದೆಲ್ಲ ಆಮೇಲೆ. ಡಿಕಾಕ್ಷನ್ ಇಳಿದೈತೆ, ಮೊದಲು ಕುಡಿ!"

ಇತ್ತ ಅಜ್ಜನಿಗೆ ಆ ಮಾತಿನ ರುಚಿ ಹತ್ತಿಬಿಟ್ಟಿತು. "ಹೋ ಹೋ" ಅನ್ನದೆ ಮೈ ಮುಟ್ಟಿಸಿಕೊಳ್ಳೋರಲ್ಲ. ದಿನಾ ಕೇಳಿ ಕೇಳಿ ಅವರಿಗೇ ಬಾಯಿಗೆ ಬಂತು. ಇದು ಹಿರಿಯರಿಗೆ ಹೇಳೋ ಸಮಾಧಾನದ ಮಾತು ಅಂತ ನಾನು ಹೇಳಿದ್ದೆ. ಒಂದು ದಿನ ಅದನ್ನ ಕಲಿಸಿದ ತಾಯಿಯನ್ನ ನೋಡಲೇಬೇಕು ಅಂತ ಹಟ ಹಿಡಿದರು. ಮಧ್ಯಾಹ್ನ ಅವರ ಊಟ ಆದ ಮೇಲೆ ವಿಡಿಯೋ ಕಾಲ್ ಹಾಕಿದೆ. ನಮ್ಮೂರಲ್ಲಿ ಆಗ ಸಂಜೆ, ಹಾಲು ಕರೆಯೋ ಹೊತ್ತು. ಮಗಳು ಫೋನ್ ಹಿಡಿದಿದ್ದಳು, ಅತ್ತೆ ಕೊಟ್ಟಿಗೇಲಿ ಕೂತಿದ್ದರು. ಫೋನಿನ ಬೆಳಕಿಗೆ ಬೆದರಿ ಗೌರಿ ಕಾಲು ಝಾಡಿಸ್ತಾ ಇದ್ದಳು.

ಅಜ್ಜ ತಲೆಬಾಗಿ ನಮಸ್ಕಾರ ಮಾಡಿ, ಗಂಟಲು ಸರಿ ಮಾಡಿಕೊಂಡು, ತಮ್ಮ ಕನ್ನಡವನ್ನ ಒಪ್ಪಿಸಿದರು. "ಹೋ ಹೋ ಹೋ... ನಿಂತ್ಕೊ ನನ್ನವ್ವ, ನಿಂತ್ಕೊ."

ಗೌರಿ ಗಪ್ಪನೆ ನಿಂತಳು.

ಅಜ್ಜ ಹಸುವನ್ನ ನೋಡಿದರು. ನನ್ನನ್ನ ನೋಡಿದರು. ಮತ್ತೆ ಹಸುವನ್ನ ನೋಡಿದರು. ನಾನು ಮೆಲ್ಲಗೆ ಫೋನನ್ನ ಅತ್ತ ತಿರುಗಿಸೋಕೆ ನೋಡಿದೆ. ಆಮೇಲೆ ಅಜ್ಜ ಸೊಂಟ ಹಿಡ್ಕೊಂಡು ನಗೋಕೆ ಶುರು ಮಾಡಿದರು, ಕಣ್ಣಲ್ಲಿ ನೀರು ಬರೋವರೆಗೂ ನಕ್ಕು, ಅತ್ತೆಗೆ ಜರ್ಮನಿನಲ್ಲಿ ಏನೋ ಹೇಳಿದರು.

"ಅವರೇನಂತಾರವ್ವ?" ಅಂದರು ಅತ್ತೆ, ಸರಸರ ಹಾಲು ಕರೀತಾ.

"ನಿಮಗೆ ಥ್ಯಾಂಕ್ಸ್ ಹೇಳ್ತಾವ್ರೆ ಅತ್ತೆ. ಏನಾದ್ರೂ ಸಹಾಯ ಬೇಕಿದ್ರೆ ಕೇಳಿ ಅಂತಾವ್ರೆ."

ಅತ್ತೆ ಅಲ್ಲಾಡದೆ ನಿಂತಿದ್ದ ಗೌರಿಯನ್ನೊಮ್ಮೆ ನೋಡಿದರು, ತುಂಬಿದ ಪಾತ್ರೆಯನ್ನೊಮ್ಮೆ ನೋಡಿದರು.

"ವಾಸಿ ಆದ್ಮೇಲೆ ಇಲ್ಲಿಗೆ ಕಳಿಸವ್ವ ಅವರನ್ನ. ಇವಳನ್ನ ಅವರು ನೋಡ್ಕೊಳ್ಲಿ, ನಾನು ಕೂತ್ಕೊಂಡು ಕಾಫಿ ಕುಡೀತೀನಿ."